ಕೋಳಿಯ ಜೀವಕೋಶಕ್ಕೆ ವೈರಸ್ ಬಂದದ್ದು ಹೇಗೆ ಗೊತ್ತಾಗುತ್ತದೆ: ಬೀದರ್‌ನ ಲ್ಯಾಬ್‌ನಲ್ಲಿ ನನ್ನ ಅನುಭವ

ಬೀದರ್‌ನಲ್ಲಿ ಪಶುವೈದ್ಯಕೀಯ ವಿದ್ಯಾರ್ಥಿಗಳಿಗೆ ರೋಗನಿರೋಧಕ ಶಕ್ತಿಯ ಪಾಠ ಮಾಡುತ್ತೇನೆ. ಲಸಿಕೆ, ಆ್ಯಂಟಿಬಾಡಿ ಅಂದರೆ ಎಲ್ಲರಿಗೂ ಗೊತ್ತು. ಆದರೆ ಹೊಸ ರೋಗಕ್ಕೆ ಆ್ಯಂಟಿಬಾಡಿ ತಯಾರಾಗಲು ಕೆಲವು ದಿನ ಬೇಕು, ವೈರಸ್ ಅಲ್ಲಿವರೆಗೆ ಕಾಯುವುದಿಲ್ಲ ಅಲ್ವಾ? ಆ ಮೊದಲ ಗಂಟೆಗಳಲ್ಲಿ ಜೀವಕೋಶ ತಾನೇ ಏನು ಮಾಡುತ್ತದೆ ಅನ್ನುವುದನ್ನು ಬೋರ್ಡ್ ಮೇಲೆ ಸುಮ್ನೆ ಬಾಣ ಬರೆದು ಹೇಳುವ ಬದಲು, ಕೋಳಿ ಭ್ರೂಣದ ಜೀವಕೋಶದಲ್ಲೇ ತೋರಿಸಬೇಕು ಅನ್ನಿಸಿತು.

ಕೋಳಿಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವೇ ಇದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಲಂಡನ್‌ನಲ್ಲಿ ಇಂಟರ್‌ಫೆರಾನ್, ಅಂದರೆ ವೈರಸ್ ಬೆಳೆಯದಂತೆ ತಡೆಯಲು ಕೋಶಗಳು ಹೊರಬಿಡುವ ಪ್ರೋಟೀನ್, ಕಂಡುಹಿಡಿದದ್ದು ಕೋಳಿಮೊಟ್ಟೆಯೊಳಗಿನ ಪೊರೆಯಲ್ಲಿ. ಬಿಸಿ ಮಾಡಿ ಕೆಡಿಸಿದ ಫ್ಲೂ ವೈರಸ್ಸನ್ನು ಪೊರೆಗೆ ಸೋಕಿಸಿದರು. ಆ ಪೊರೆಯಿಂದ ಬಂದ ದ್ರವವನ್ನು ಹೊಸ ಪೊರೆಗೆ ಹಾಕಿದರೆ ಅದರಲ್ಲಿ ಜೀವಂತ ವೈರಸ್ ಸರಿಯಾಗಿ ಬೆಳೆಯಲಿಲ್ಲ. ಆದರೆ ಆ ಪೊರೆಗೆ ವೈರಸ್ ಬಂದ ಸುಳಿವು ಕೊಟ್ಟವರು ಯಾರು? ಇದಕ್ಕೆ ಉತ್ತರ ಸಿಗಲು ಇನ್ನೂ ಹಲವು ದಶಕ ಬೇಕಾಯಿತು.

ಮೊದಲ ತೊಂದರೆ ಮೊಟ್ಟೆಯದು. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಭ್ರೂಣವೇ ಇರುವುದಿಲ್ಲ. ರೋಗಮುಕ್ತ ಹಿಂಡಿನ ಮೊಟ್ಟೆ ದೂರದಿಂದ ತರಿಸಬೇಕು, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅವು ಚೆನ್ನಾಗಿ ಬಂದು ಸೇರುವುದೂ ಕಷ್ಟ. ಹಾಗಾಗಿ ಕೈ ಪಳಗಿಸಿಕೊಳ್ಳಲು ಭಾಲ್ಕಿ ಕಡೆಯ ಹಳ್ಳಿಯಿಂದ ಜವಾರಿ ಕೋಳಿಯ ಮೊಟ್ಟೆ ತಂದೆ. ಕೊಟ್ಟ ಅಕ್ಕ, "ಡಾಕ್ಟರ್ ಸಾಬ್, ಇವಕ್ಕ ಯಾವ ಇಂಜೆಕ್ಷನ್ನೂ ಮಾಡ್ಸಿಲ್ರಿ" ಅಂದರು. ಲಸಿಕೆ ಹಾಕಿಲ್ಲ ಅಂದಮಾತ್ರಕ್ಕೆ ಮೊಟ್ಟೆಯಲ್ಲಿ ವೈರಸ್ ಇಲ್ಲ ಅಂತಲ್ಲ, ತಾಯಿಯಿಂದಲೇ ಮೊಟ್ಟೆಗೆ ಇಳಿಯುವ ವೈರಸ್‌ಗಳಿವೆ. ಅದಕ್ಕೇ ಕೋಶ ಬೆಳೆಸುವ ತಟ್ಟೆಗಳಲ್ಲಿ ಏನೂ ಹಾಕದ ಒಂದು, ಹೋಲಿಸಿ ನೋಡಲು, ಪ್ರತಿ ಸಲವೂ ಇರಲೇಬೇಕು.

10 ದಿನದ ಭ್ರೂಣ ತೆಗೆದು, ತಲೆ ಮತ್ತು ಒಳಾಂಗ ಬಿಟ್ಟು, ಉಳಿದದ್ದನ್ನು ಸಣ್ಣಗೆ ಕತ್ತರಿಸಿ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿದರೆ ಜೀವಕೋಶಗಳು ಬಿಡಿಬಿಡಿಯಾಗುತ್ತವೆ. ಮರುದಿನಕ್ಕೆ ಅವು ತಟ್ಟೆಯ ತಳಕ್ಕೆ ಅಂಟಿ ಹರಡಿಕೊಂಡಿರುತ್ತವೆ. ನಾನು ಜೀವಂತ ವೈರಸ್ ಮುಟ್ಟಲಿಲ್ಲ. ಪಾಲಿ ಐಸಿ ಬಳಸಿದೆ, ಅದು ಪ್ರಯೋಗಾಲಯದಲ್ಲಿ ತಯಾರಿಸಿದ ಎರಡೆಳೆಯ ಆರ್‌ಎನ್‌ಎ. ಅನೇಕ ವೈರಸ್‌ಗಳು ಬೆಳೆಯುವಾಗ ಉದ್ದನೆಯ ಎರಡೆಳೆ ಆರ್‌ಎನ್‌ಎ ಹುಟ್ಟುತ್ತದೆ, ಆರೋಗ್ಯವಾದ ಕೋಶದೊಳಗೆ ಅಂಥದ್ದು ಹೆಚ್ಚಾಗಿ ಕಾಣಸಿಗುವುದಿಲ್ಲ.

ನಾಲ್ಕು ತಟ್ಟೆ ಇಟ್ಟೆ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಪಾಲಿ ಐಸಿಯನ್ನು ದ್ರವದಲ್ಲಿ ಹಾಗೇ ಬೆರೆಸಿದೆ. ಒಂದಕ್ಕೆ ಅದನ್ನೇ ಕೊಬ್ಬಿನ ಕಣಗಳಲ್ಲಿ ಸುತ್ತಿ, ಕೋಶದ ಒಳಗೇ ಹೋಗುವಂತೆ ಮಾಡಿದೆ. ಇನ್ನೊಂದಕ್ಕೆ ಬರೀ ಕೊಬ್ಬಿನ ಕಣ. ಈ ಕೊನೆಯದನ್ನು ಹುಡುಗರು ಬೇಡ ಅನ್ನುತ್ತಾರೆ, ಖರ್ಚು ಜಾಸ್ತಿ ಅಂತ. ನಾನು ಬಿಡುವುದಿಲ್ಲ. ಆ ಕಣಗಳಿಂದಲೇ ಕೋಶಕ್ಕೆ ಕಿರಿಕಿರಿಯಾಗಬಹುದು, ಆಗ ಫಲಿತಾಂಶ ಯಾರದ್ದು ಅಂತ ಹೇಳುವುದು ಹೇಗೆ?

ಆರು ಗಂಟೆಯಾದ ಮೇಲೆ ಆರ್‌ಎನ್‌ಎ ತೆಗೆದು ಪಿಸಿಆರ್ ಮಾಡಿ ಇಂಟರ್‌ಫೆರಾನ್ ಬೀಟಾ (ಇಂಟರ್‌ಫೆರಾನಿನ ಒಂದು ಬಗೆ) ಜೀನ್ ಎಷ್ಟು ಎದ್ದಿದೆ ಅಂತ ನೋಡಿದೆವು. ಹಾಗೇ ಬೆರೆಸಿದ ತಟ್ಟೆಯಲ್ಲಿ ಏರಿತ್ತು. ಒಳಗೆ ಕಳಿಸಿದ ತಟ್ಟೆಯಲ್ಲಿ ಅದಕ್ಕಿಂತ ಬಹಳ ಜಾಸ್ತಿ. ವಸ್ತು ಒಂದೇ, ಅದು ಸಿಕ್ಕ ಜಾಗ ಮಾತ್ರ ಬೇರೆ! ನಾನು ತೋರಿಸಬೇಕು ಅಂದುಕೊಂಡದ್ದು ಇದನ್ನೇ. ಕೋಶಕ್ಕೆ ವೈರಸ್ಸಿನ ಹೆಸರು ಗೊತ್ತಿರುವುದಿಲ್ಲ. ಇರಬಾರದ ಆಕಾರದ ಆರ್‌ಎನ್‌ಎ ಇರಬಾರದ ಜಾಗದಲ್ಲಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ಹೊರಗಿನಿಂದ ನುಂಗಿದ್ದನ್ನು ಎಂಡೋಸೋಮ್ ಎಂಬ ಚೀಲದಲ್ಲಿ ಟಿಎಲ್‌ಆರ್3 ಎಂಬ ಪ್ರೋಟೀನ್ ಪರೀಕ್ಷಿಸುತ್ತದೆ. ಸೈಟೋಪ್ಲಾಸಂನಲ್ಲಿ, ಅಂದರೆ ಕೋಶದೊಳಗಿನ ದ್ರವದಲ್ಲಿ, ಓಡಾಡುವುದನ್ನು ಎಂಡಿಎ5 ಎಂಬ ಇನ್ನೊಂದು ಪ್ರೋಟೀನ್ ಹಿಡಿಯುತ್ತದೆ, ಮೈಟೋಕಾಂಡ್ರಿಯಾದ ಮೇಲಿರುವ ಎಂಎವಿಎಸ್ ಎಂಬ ಪ್ರೋಟೀನಿಗೆ ಸುದ್ದಿ ಮುಟ್ಟಿಸುತ್ತದೆ. ಮನುಷ್ಯರಲ್ಲಿ ಅಲ್ಲಿಂದ ಐಆರ್‌ಎಫ್3 ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ ಇಂಟರ್‌ಫೆರಾನ್ ಜೀನನ್ನು ಎಬ್ಬಿಸುತ್ತದೆ. ಕೋಳಿಯಲ್ಲಿ ಐಆರ್‌ಎಫ್3 ಇಲ್ಲ, ಆ ಕೆಲಸ ಐಆರ್‌ಎಫ್7ರದ್ದು. ಮನುಷ್ಯರ ಚಿತ್ರವನ್ನೇ ಕೋಳಿಗೂ ಬರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಮುಂದಿನದು ನೆರೆಯ ಕೋಶಗಳ ಸರದಿ. ಹೊರಗೆ ಬಂದ ಇಂಟರ್‌ಫೆರಾನ್ ಅವುಗಳ ಮೇಲಿನ ಗ್ರಾಹಕಕ್ಕೆ (ಸುದ್ದಿ ಹಿಡಿಯುವ ಪ್ರೋಟೀನಿಗೆ) ಅಂಟಿದರೆ ಅಲ್ಲಿ ನೂರಾರು ಜೀನ್‌ಗಳು ಏಳುತ್ತವೆ. ಅವುಗಳಲ್ಲಿ ಒಂದಾದ ಪಿಕೆಆರ್, ವೈರಸ್ಸಿನ ಎರಡೆಳೆ ಆರ್‌ಎನ್‌ಎ ಸಿಕ್ಕರೆ, ಕೋಶದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತದೆ, ವೈರಸ್‌ಗೆ ಬೇಕಾದದ್ದೂ ಸಿಗುವುದಿಲ್ಲ.

ಬಾತುಕೋಳಿಗೆ ಹಕ್ಕಿಜ್ವರ ಬಂದರೂ ಎಷ್ಟೋ ಸಲ ಓಡಾಡಿಕೊಂಡಿರುತ್ತದೆ, ಕೋಳಿ ಮಾತ್ರ ಯಾಕೆ ಸಾಯುತ್ತದೆ ಅಂತ ಸಾಕಣೆದಾರರು ಕೇಳುತ್ತಾರೆ. ಒಂದು ಕಾರಣ ಇಲ್ಲೇ ಇದೆ. ಹಕ್ಕಿಜ್ವರ ತರುವ ಫ್ಲೂ ವೈರಸ್ಸಿನ ಆರ್‌ಎನ್‌ಎ ತುದಿಯಲ್ಲಿರುವ ಮೂರು ಫಾಸ್ಫೇಟ್‌ಗಳನ್ನು ಗುರುತಿಸುವ ರಿಗ್-ಐ ಎಂಬ ಗ್ರಾಹಕ ಬಾತಿನಲ್ಲಿದೆ, ಕೋಳಿಯಲ್ಲಿ ಇಲ್ಲ. 2010ರಲ್ಲಿ ಇದು ಪ್ರಕಟವಾಯಿತು. ಬಾತಿನ ರಿಗ್-ಐ ಜೀನನ್ನು ಕೋಳಿಯ ಕೋಶಕ್ಕೆ ಸೇರಿಸಿದಾಗ ಇಂಟರ್‌ಫೆರಾನ್ ಏರಿ ಫ್ಲೂ ವೈರಸ್ಸಿನ ಬೆಳವಣಿಗೆ ತಗ್ಗಿತು. ಬಾತಿನ ಮೊಟ್ಟೆ ಸಿಕ್ಕರೆ ಅದರ ಭ್ರೂಣದ ಕೋಶಗಳನ್ನೂ ಪಕ್ಕದಲ್ಲಿಟ್ಟು, ಮೂರು ಫಾಸ್ಫೇಟ್ ಇರುವ ಗಿಡ್ಡ ಆರ್‌ಎನ್‌ಎ ಎರಡಕ್ಕೂ ಕೊಟ್ಟು ನೋಡಬೇಕು ಅಂತಿದ್ದೇನೆ.