ಸ್ವಿಚ್ ಕೊಳ್ಳುವ ಮೊದಲು ಲೆಕ್ಕ: ಡೇಟಾ ಸೆಂಟರ್ ಜಾಲದ ವಿನ್ಯಾಸ ಹೇಗೆ?

ಮಂಗಳೂರು, ಉಡುಪಿಯ ಆಸ್ಪತ್ರೆ, ಸಹಕಾರಿ ಸಂಘ ಹಾಗೂ ಸಾಫ್ಟ್‌ವೇರ್ ಕಚೇರಿಗಳ ಸರ್ವರ್ ಕೋಣೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವ ತಪ್ಪೆಂದರೆ, ಮೊದಲು ಸ್ವಿಚ್ (ಸರ್ವರ್‌ಗಳನ್ನು ಜಾಲಕ್ಕೆ ಜೋಡಿಸುವ ಪೆಟ್ಟಿಗೆ) ಕೊಂಡು, ಅಗತ್ಯವೇನೆಂದು ಆಮೇಲೆ ಯೋಚಿಸುವುದು. ಕೊಟೇಷನ್ ತರಿಸುವ ಮೊದಲೇ ಕೆಲವನ್ನು ಅಂಕಿಗಳಲ್ಲಿ ಬರೆದಿಡಬೇಕು: ಯಾವ ಸೇವೆ ಎಷ್ಟು ನಿಮಿಷ ನಿಂತರೆ ನಡೆಯುತ್ತದೆ, ಮೂರು ವರ್ಷಗಳಲ್ಲಿ ಸರ್ವರ್‌ಗಳು ಎಷ್ಟಾಗುತ್ತವೆ, ರಾತ್ರಿಯ ಬ್ಯಾಕಪ್ ಎಷ್ಟು ಹೊತ್ತಿನಲ್ಲಿ ಮುಗಿಯಬೇಕು. 20 ಟೆರಾಬೈಟ್ ಮಾಹಿತಿಯನ್ನು 4 ಗಂಟೆಯಲ್ಲಿ ಸಾಗಿಸಲು ಸೆಕೆಂಡಿಗೆ ಸುಮಾರು 11 ಗಿಗಾಬಿಟ್ ಬೇಕು. 10 ಗಿಗಾಬಿಟ್ಟಿನ ಒಂಟಿ ಸಂಪರ್ಕ ಸಾಲದೆಂಬುದು ಇಲ್ಲಿಯೇ ತಿಳಿಯುತ್ತದೆ.

ಮುಂದಿನದು ನಕ್ಷೆ. ಸರ್ವರ್‌ಗಳನ್ನು ಜೋಡಿಸಿಡುವ ಕಪಾಟೇ ರ‍್ಯಾಕ್. ಪ್ರತಿ ರ‍್ಯಾಕಿಗೆ ಎರಡು ಲೀಫ್ ಸ್ವಿಚ್ (ಸರ್ವರ್‌ಗಳು ನೇರವಾಗಿ ಸೇರುವವು) ಇಟ್ಟು, ಪ್ರತಿಯೊಂದು ಲೀಫನ್ನೂ ಪ್ರತಿಯೊಂದು ಸ್ಪೈನ್ ಸ್ವಿಚ್ಚಿಗೆ (ಲೀಫ್‌ಗಳನ್ನು ಒಂದಕ್ಕೊಂದು ಬೆಸೆಯುವ ಮೇಲಿನ ಸ್ವಿಚ್) ಜೋಡಿಸಿರಿ. ಸ್ಪೈನ್‌ಗಳನ್ನು ಪರಸ್ಪರ ಜೋಡಿಸಬೇಕಾಗಿಲ್ಲ.

ಹೆಚ್ಚಿನವರು ಎಡವುವುದು ಲೀಫಿನಿಂದ ಮೇಲಕ್ಕೆ ಹೋಗುವ ಸಂಪರ್ಕಗಳ ಲೆಕ್ಕದಲ್ಲಿ. 25 ಗಿಗಾಬಿಟ್ಟಿನ 48 ಪೋರ್ಟ್‌ಗಳು ತುಂಬಿದ ಲೀಫಿಗೆ ಕೆಳಗಿನಿಂದ 1,200 ಗಿಗಾಬಿಟ್ ಬರಬಹುದು. ನಾಲ್ಕು ಸ್ಪೈನ್‌ಗಳಿಗೆ 100 ಗಿಗಾಬಿಟ್ಟಿನ ಒಂದೊಂದು ಸಂಪರ್ಕವಿದ್ದರೆ ಮೇಲಕ್ಕೆ 400, ಅಂದರೆ ಕೆಳಗಿನಿಂದ ಬರುವುದಕ್ಕೂ ಮೇಲಕ್ಕೆ ಹೋಗುವುದಕ್ಕೂ ಅನುಪಾತ 3:1. ಸಾಮಾನ್ಯ ಕಚೇರಿ ಕೆಲಸಕ್ಕೆ ಇದು ಧಾರಾಳವಾಗಿ ಸಾಕು. ಆದರೆ ಒಂದು ಸ್ಪೈನ್ ಕೆಟ್ಟ ದಿನದ ಲೆಕ್ಕವನ್ನೂ ಹಾಕಲೇಬೇಕು. ನಾಲ್ಕರಲ್ಲಿ ಒಂದು ಹೋದರೆ 300 ಉಳಿದು ಅನುಪಾತ 4:1 ಆಗುತ್ತದೆ. ಎರಡೇ ಸ್ಪೈನ್‌ಗಳಿಗೆ ಎರಡೆರಡು ಸಂಪರ್ಕ ಕೊಟ್ಟಿದ್ದರೆ, ಎಲ್ಲವೂ ಸರಿಯಿರುವಾಗ ಅದೇ 400 ಇದ್ದರೂ, ಒಂದು ಹೋದೊಡನೆ 200ಕ್ಕೆ ಇಳಿದು 6:1 ಆಗುತ್ತದೆ. ಆದ್ದರಿಂದ ಎರಡು ದೊಡ್ಡ ಸ್ಪೈನ್‌ಗಳಿಗಿಂತ ನಾಲ್ಕು ಚಿಕ್ಕವನ್ನೇ ಕೊಳ್ಳಿರಿ, ಮಾರಾಟಗಾರರು ಏನೇ ಹೇಳಲಿ. ಖಾಲಿ ಪೋರ್ಟ್‌ಗಳನ್ನು ಲೆಕ್ಕಕ್ಕೆ ಹಿಡಿದು ಹೆದರುವುದೂ ಬೇಡ: ರ‍್ಯಾಕಿನಲ್ಲಿ 16 ಸರ್ವರ್‌ಗಳಿದ್ದು, ಪ್ರತಿಯೊಂದರಿಂದ ಎರಡೂ ಲೀಫ್‌ಗಳಿಗೆ ಒಂದೊಂದು ಕೇಬಲ್ ಹೋಗಿದ್ದರೆ, ಪ್ರತಿ ಲೀಫಿಗೆ ಬರುವುದು 400 ಗಿಗಾಬಿಟ್ ಮಾತ್ರ, ಮೇಲಕ್ಕೂ ಅಷ್ಟೇ ಇರುವುದರಿಂದ ಅನುಪಾತ 1:1. ಸ್ಟೋರೇಜ್ ಹಾಗೂ ಬ್ಯಾಕಪ್ ಇರುವ ರ‍್ಯಾಕಿನಲ್ಲಿ ನಾನು ಈ 1:1 ಅನ್ನು ಬಿಟ್ಟುಕೊಡುವುದಿಲ್ಲ.

ಲೀಫ್–ಸ್ಪೈನ್ ನಡುವೆ ಬಿಜಿಪಿ (ಸ್ವಿಚ್‌ಗಳು ದಾರಿಗಳನ್ನು ಪರಸ್ಪರ ತಿಳಿಸುವ ವಿಧಾನ) ಬಳಸಿ, ಸಮಾನ ದಾರಿಗಳೆಲ್ಲವನ್ನೂ ಬಳಸುವ ಆಯ್ಕೆಯನ್ನು ಆನ್ ಮಾಡಿದರೆ ಎಲ್ಲ ಸಂಪರ್ಕಗಳೂ ಏಕಕಾಲಕ್ಕೆ ದುಡಿಯುತ್ತವೆ. ಹಳೆಯ ವಿಧಾನವಾದ ಸ್ಪ್ಯಾನಿಂಗ್ ಟ್ರೀ, ಮಾಹಿತಿ ಸುತ್ತುತ್ತಲೇ ಇರದಂತೆ, ಹೆಚ್ಚುವರಿ ಸಂಪರ್ಕವನ್ನು ಮುಚ್ಚಿಡುತ್ತದೆ. ವರ್ಚುವಲ್ ಮೆಷಿನ್‌ಗಳು (ಸರ್ವರಿನೊಳಗೆ ತಂತ್ರಾಂಶರೂಪದಲ್ಲಿ ಓಡುವ ಕಂಪ್ಯೂಟರ್‌ಗಳು) ಐಪಿ ವಿಳಾಸ ಬದಲಿಸದೆ ರ‍್ಯಾಕ್ ದಾಟಬೇಕಿದ್ದರೆ ಮಾತ್ರ, ಬೇರೆ ಬೇರೆ ರ‍್ಯಾಕ್‌ಗಳನ್ನು ಒಂದೇ ಜಾಲದಂತೆ ತೋರಿಸುವ ವಿಎಕ್ಸ್‌ಲ್ಯಾನ್ ಸೇರಿಸಿರಿ.

ರ‍್ಯಾಕಿನೊಳಗೆ ಎರಡೂ ತುದಿಗೆ ಪ್ಲಗ್ ಕೂಡಿಕೊಂಡೇ ಬರುವ ತಾಮ್ರದ ಡ್ಯಾಕ್ ಕೇಬಲ್, ಹೊರಗೆ ಫೈಬರ್. ಫೈಬರನ್ನು ಪೋರ್ಟಿಗೆ ಜೋಡಿಸುವ ಅಗ್ಗದ ಟ್ರಾನ್ಸೀವರನ್ನು ಸ್ವಿಚ್ ಒಪ್ಪುತ್ತದೆಯೇ ಎಂದು ಒಂದನ್ನು ತರಿಸಿ ನೋಡದೆ ನಲವತ್ತು ಕೊಳ್ಳಬಾರದು. ನಮ್ಮ ಕಡಲ ಗಾಳಿಯಲ್ಲಿ ತೇವವೂ ಉಪ್ಪೂ ಇರುವುದರಿಂದ ಖಾಲಿ ಪೋರ್ಟ್‌ಗಳ ಮುಚ್ಚಳ ತೆಗೆಯಬೇಡಿ.

ಹೊರಗಿನ ಎರಡು ಫೈಬರ್‌ಗಳು ಬೇರೆ ಬೇರೆ ರಸ್ತೆಯಿಂದ ಬರುವುದನ್ನು ನಡೆದುಹೋಗಿ ನೋಡಿರಿ. ಮಂಗಳೂರಿನ ಒಂದು ಕಚೇರಿಗೆ ನಾನು ಎರಡು ಕಂಪನಿಗಳ ಫೈಬರ್ ಹಾಕಿಸಿ ನಿಶ್ಚಿಂತನಾಗಿದ್ದೆ. ಎರಡೂ ಒಂದೇ ಪೈಪಿನಲ್ಲಿದ್ದುದು ತಿಳಿದದ್ದು ಜೆಸಿಬಿ ಅಗೆದ ಮೇಲೆ.

ಹಸ್ತಾಂತರಕ್ಕೆ ಮೊದಲು, ಬ್ಯಾಕಪ್ ಓಡುತ್ತಿರುವಾಗಲೇ ಒಂದು ಸ್ಪೈನಿನ ವಿದ್ಯುತ್ ತೆಗೆದು, ಬ್ಯಾಕಪ್ ಮುಗಿಯಲು ತಗುಲಿದ ಸಮಯವನ್ನು ಮೊದಲು ಬರೆದಿಟ್ಟ ಅಂಕಿಯ ಪಕ್ಕದಲ್ಲೇ ಬರೆಯಿರಿ.