110ರಿಂದ 68ಕ್ಕೆ: ಶಿರಸಿ ರಸ್ತೆಗೆ ಹೊಂದಿದ ಗಾಳಿ

"ತಮಾ, ಗಾಳಿನೇ ಇಲ್ಲೆ ಮಾರಾಯಾ!"

ಎರಡು ವರ್ಷದಿಂದ ಇದೇ ಮಾತು ಕೇಳುತ್ತಿದ್ದೇನೆ. ಭಾನುವಾರ ಶಿರಸಿಯಿಂದ ಹೊರಡುವ ನಮ್ಮ ಸೈಕಲ್ ಗುಂಪಿನ ಹಿರಿಯರೊಬ್ಬರಿಗೆ ನನ್ನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ತಲೆ ಅಲ್ಲಾಡಿಸದಿದ್ದರೆ ಸಮಾಧಾನವಿಲ್ಲ. ಅವರ ಲೆಕ್ಕದಲ್ಲಿ ಟೈರ್ ಅಂದರೆ ಕಲ್ಲಿನ ಹಾಗಿರಬೇಕು. ಈ ಮಳೆಗಾಲ ನಾನು ಹತ್ತಿರ ಹತ್ತಿರ 1,400 ಕಿ.ಮೀ. ಓಡಿಸಿದೆ. ಪಂಕ್ಚರ್ ಆದದ್ದು ಒಂದೇ, ಅದೂ ಮೊಳೆ ಚುಚ್ಚಿ. ಅವರದ್ದು ಐದೋ ಆರೋ ಆಯಿತು. ಹಾಗಾಗಿ ಬರೆಯುವ ಧೈರ್ಯ ಬಂತು.

ನಾನು 74 ಕೆ.ಜಿ. ಸೈಕಲ್ಲು, ನೀರಿನ ಬಾಟಲಿ, ಸಣ್ಣಪುಟ್ಟ ಸಾಮಾನು ಸೇರಿ 85. ಟೈರ್ 28ರದ್ದು, ಅಂದರೆ 28 ಮಿ.ಮೀ. ಅಗಲ, ಒಳಗೆ ಸಾದಾ ಟ್ಯೂಬು. ಗಾಳಿಯ ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕದಲ್ಲಿ ಒಣ ರಸ್ತೆಗೆ ಹಿಂದೆ 68, ಮುಂದೆ 60. ಇಲ್ಲಿಗೆ ಬಂದು ಮುಟ್ಟಲು ಎಷ್ಟು ದುಡ್ಡು ಹೋಯಿತು ಅಂತ ಮನೆಯಲ್ಲಿ ಪೂರ್ತಿ ಹೇಳಿಲ್ಲ.

ಶುರು ಮಾಡಿದ್ದು 23ರ ಟೈರಿನಲ್ಲಿ. ಬದಿಯಲ್ಲಿ 120 ಅಂತ ಅಚ್ಚಾಗಿತ್ತು, ನಾನು 110 ಹೊಡೆಯುತ್ತಿದ್ದೆ. ಆ 120 ಮೀರಬಾರದ ಗಡಿ, ಅಷ್ಟು ತುಂಬಲೇಬೇಕು ಅಂತಲ್ಲ. ಇಷ್ಟು ತಲೆಗೆ ಹೋಗಲು ಮೂರು ವರ್ಷ ಹಿಡಿಯಿತು. ಗಟ್ಟಿ ಟೈರ್ ರಸ್ತೆಯ ಮೇಲೆ ಟಣಟಣ ಕುಣಿಯುವಾಗ ಭಾರಿ ಜೋರಾಗಿ ಹೋಗುತ್ತಿದ್ದೇವೆ ಅನ್ನಿಸುತ್ತದೆ, ಅಲ್ವಾ? ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವಷ್ಟರಲ್ಲಿ ನನ್ನ ಕಿರುಬೆರಳು ಜೋಮು ಹಿಡಿದಿರುತ್ತಿತ್ತು. ಒಂದು ಜುಲೈಯಲ್ಲಿ ಅದೇ ಘಟ್ಟದ ತಿರುವಿನಲ್ಲಿ ಮುಂದಿನ ಚಕ್ರ ಸುಯ್ಯನೆ ಜಾರಿತು. ಮೊಣಕೈ ಕೆತ್ತಿತು, ಹಿಂದಿನ ಗೇರನ್ನು ಹಿಡಿದಿಡುವ ತುಂಡು, ಹ್ಯಾಂಗರ್, ಬಾಗಿತು. ಎರಡೂವರೆ ಸಾವಿರ ಹೋಯಿತು.

ಹಟಕ್ಕೆ ಬಿದ್ದು 28ರ ಜೋಡಿ ತಂದೆ. ಆರು ಸಾವಿರದ ಹತ್ತಿರ. ಸೀದಾ 45ಕ್ಕೆ ಇಳಿಸಿದೆ. ಒಂದು ವಾರ ಸೋಫಾ ಮೇಲೆ ಕೂತ ಹಾಗಿತ್ತು. ಎರಡನೇ ವಾರ ಅಂಕೋಲಾದಿಂದ ಕಾರವಾರಕ್ಕೆ ಹೋಗುವಾಗ ಸೇತುವೆಯ ಕೂಡುಪಟ್ಟಿಗೆ ಹಿಂದಿನ ಚಕ್ರ ಟಕ್ ಅಂತ ಬಡಿಯಿತು. ಬಿಚ್ಚಿ ನೋಡಿದರೆ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ರಿಮ್ಮಿನ ಅಂಚೂ ನೆಗ್ಗಿತ್ತು. ಟ್ಯೂಬಿಗೆ 400, ರಿಮ್ ನೇರ ಮಾಡಿಸಿ ಕಡ್ಡಿ ಬಿಗಿಸಿದ್ದಕ್ಕೆ 600. ಗುಂಪಿನವರ ನಗು ಪುಕ್ಕಟೆ.

ಆಮೇಲೆ ಗೊತ್ತಾಯಿತು, ನನ್ನ ಪಂಪಿನ ಮುಳ್ಳೇ ಸುಳ್ಳು. 1,200 ಕೊಟ್ಟು ಡಿಜಿಟಲ್ ಗೇಜ್ ತರಿಸಿದೆ. ಪಂಪ್ 60 ಅಂದಾಗ ಗೇಜ್ 51 ಅನ್ನುತ್ತಿತ್ತು. ಅಂದರೆ ನನ್ನ 45 ಅನ್ನುವುದು 37, 38 ಇದ್ದಿರಬೇಕು. ರಿಮ್ ಉಳಿದದ್ದೇ ಪುಣ್ಯ. ಪಕ್ಕದವನ ನಂಬರನ್ನು ಹಾಗೇ ನಕಲು ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅವನ ಗೇಜ್ ಬೇರೆ, ನಿಮ್ಮದು ಬೇರೆ. ಒಂದೇ ಗೇಜ್ ಇಟ್ಟುಕೊಳ್ಳಿ, ದಿನಾ ಅದರಲ್ಲೇ ನೋಡಿ.

ಸರಿಯಾದ ಕೆಲಸ ಶುರುವಾದದ್ದು ಅಡಿಕೆ ತೂಗುವ ಕಾಟಾದಿಂದ. ಹಿಂದಿನ ಚಕ್ರ ಕಾಟಾದ ಮೇಲೆ, ಮುಂದಿನದರ ಅಡಿಗೆ ಅಷ್ಟೇ ಎತ್ತರದ ಹಲಗೆ. ಹ್ಯಾಂಡಲ್ಲಿನ ಹುಡ್, ಅಂದರೆ ಬ್ರೇಕ್ ಲಿವರಿನ ರಬ್ಬರ್ ಹಿಡಿ, ಹಿಡಿದು, ಮೊಣಕೈ ಗೋಡೆಗೆ ತಾಗಿಯೂ ತಾಗದ ಹಾಗೆ ಕೂತೆ. ಹೆಂಡತಿ ನಂಬರ್ ಓದಿದಳು. "ನಿಮ್ಮ ಬದ್ಲು ಅಡಿಕೆ ಇಟ್ಟಿದ್ರೆ ದುಡ್ಡಾದ್ರೂ ಬರ್ತಿತ್ತು" ಅಂದಳು. ಹಿಂದೆ 49, ಮುಂದೆ 36 ಬಂತು. ಇಷ್ಟು ವ್ಯತ್ಯಾಸ ಇರುವಾಗ ಎರಡಕ್ಕೂ ಒಂದೇ ಗಾಳಿ ಹಾಕುತ್ತಿದ್ದೆನಲ್ಲ!

ಸೈಕಲ್ ತಂತ್ರದ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಫ್ರಾಂಕ್ ಬರ್ಟೊ ಅವರ ಹಳೇ ಲೆಕ್ಕ ಒಂದಿದೆ. ಕೂತಾಗ ಟೈರ್ ತನ್ನ ಎತ್ತರದ ನೂರಕ್ಕೆ 15ರಷ್ಟು ತಗ್ಗಬೇಕು. ನೆಲದಿಂದ ರಿಮ್ಮಿಗೆ ಸ್ಕೇಲ್ ಹಿಡಿದು, ಕೂರುವ ಮೊದಲು ಮತ್ತು ಕೂತ ಮೇಲೆ ಅಳೆದೆ. 28ಕ್ಕೆ ನಾಲ್ಕು ಮಿ.ಮೀ.ಗಿಂತ ಚೂರು ಜಾಸ್ತಿ. ಅದರಂತೆ ಹಿಂದೆ 85ರ ಸುತ್ತ ಬಂತು. ನುಣುಪು ರಸ್ತೆಗೆ ಸರಿ ಇರಬಹುದು. ತೇಪೆ ಮೇಲೆ ತೇಪೆ ಇರುವ ನಮ್ಮ ಒಳರಸ್ತೆಗೆ ಅದು ಇನ್ನೂ ಗಟ್ಟಿ.

ಹಾಗಾದರೆ ಎಷ್ಟು? ಬನವಾಸಿ ಕಡೆ ಹೋಗುವಾಗ ಸಿಗುವ ಒಂದು ಇಳಿಜಾರು ಹುಡುಕಿದೆ. ಬೆಳಿಗ್ಗೆ ಆರಕ್ಕೆ ಗಾಳಿ ಬೀಸುವುದಿಲ್ಲ, ಲಾರಿಯೂ ಇಲ್ಲ. ಮೇಲಿಂದ ಪೆಡಲ್ ತುಳಿಯದೆ ಬಿಡುವುದು, ನಿಂತಲ್ಲಿ ಕೆಂಪು ಚೀರೆಕಲ್ಲಿನ ಚೂರಿನಿಂದ ಗೆರೆ ಎಳೆಯುವುದು. ಒಂದೊಂದು ಒತ್ತಡಕ್ಕೆ ಮೂರು ಸಲ. ಹಾಲಿನ ಡಬ್ಬಿ ಹಿಡಿದು ಹೋಗುತ್ತಿದ್ದವರೊಬ್ಬರು "ಏನು, ರಸ್ತೆ ಸರ್ವೆನಾ?" ಅಂತ ಕೇಳಿದರು. 95ಕ್ಕೆ ಅತಿ ಕಡಿಮೆ ದೂರ ಬಂತು. 80ಕ್ಕೆ ಐದಾರು ಮೀಟರ್ ಮುಂದೆ. 68ಕ್ಕೆ ಇನ್ನೂ ಎಂಟು ಹತ್ತು ಮೀಟರ್. 55ಕ್ಕೆ ಮತ್ತೆ ಹಿಂದೆ ಬಂತು. ಗಟ್ಟಿ ಟೈರಿನಲ್ಲಿ ಮೈ ಕುಲುಕುವುದಕ್ಕೇ ವೇಗ ಸೋರಿ ಹೋಗುತ್ತದೆ. ಅಷ್ಟೇ ಸಂಗತಿ. ಹೆದ್ದಾರಿ 66ರ ನುಣುಪು ಭಾಗದಲ್ಲಿ ಇದನ್ನೇ ಮಾಡಿದಾಗ 68, 80 ಎರಡೂ ಸರಿಸುಮಾರು ಒಂದೇ. ಹಾಗಾಗಿ ಹೊನ್ನಾವರ, ಭಟ್ಕಳ ಕಡೆ ಹೊರಟರೂ 68ರಲ್ಲೇ ಹೋಗುತ್ತೇನೆ.

ನಡುವೆ ಕೆಲವು ಹುಚ್ಚಾಟ. ಲೇಟೆಕ್ಸ್ ಅನ್ನುವ ತೆಳು ರಬ್ಬರಿನ ಟ್ಯೂಬು ಹಾಕಿದೆ, ಒಂದಕ್ಕೆ 1,100. ಓಟ ಮೆತ್ತಗೆ, ಆದರೆ ರಾತ್ರಿ ಕಳೆಯುವುದರಲ್ಲಿ ಹತ್ತು ಪಿಎಸ್‌ಐ ಮಾಯ. ದಿನಾ ಪಂಪ್ ಹೊಡೆಯುವ ಚಟ ಇದ್ದವರಿಗೆ ಸರಿ. ಪಂಪಿನ ಬದಲು ಟೈರ್ ತುಂಬುವ ಪುಟ್ಟ ಗ್ಯಾಸ್ ಕಾರ್ಟ್ರಿಜ್ ದಾರಿಯಲ್ಲಿ ಮನೆ ಮುಟ್ಟಿಸುತ್ತದೆ, ಮಾರನೇ ಬೆಳಿಗ್ಗೆ ಟೈರ್ ಸಪ್ಪೆ. ಇನ್ನೊಮ್ಮೆ ಬೇಸಿಗೆಯ ಮಧ್ಯಾಹ್ನ ಕಾರವಾರದಲ್ಲಿ ಊಟಕ್ಕೆ ಕೂತಾಗ ಸೈಕಲ್ಲು ಬಿಸಿಲಲ್ಲೇ ಇತ್ತು. ಹೊರಬಂದು ಅಳೆದರೆ ನಾಲ್ಕೈದು ಏರಿತ್ತು. ಅಂದಿನಿಂದ ಕರಾವಳಿಗೆ ಇಳಿಯುವ ದಿನ ಮನೆಯಲ್ಲೇ ಎರಡು ಕಮ್ಮಿ ಹಾಕುತ್ತೇನೆ. ಹುಕ್‌ಲೆಸ್ ರಿಮ್, ಅಂದರೆ ಟೈರನ್ನು ಹಿಡಿಯುವ ಕೊಕ್ಕೆಯಂಚು ಇಲ್ಲದ ರಿಮ್, ಇದ್ದವರು ಮಾತ್ರ ಜೋಪಾನ. ಅದರ ಮಿತಿ 5 ಬಾರ್, ಅಂದರೆ 72, 73 ಪಿಎಸ್‌ಐ.

ಮಳೆಗೆ ಎರಡೂ ಚಕ್ರದಲ್ಲಿ ಐದೈದು ಇಳಿಸುತ್ತೇನೆ. ಜೊತೆಗೆ ಟ್ಯೂಬು ಕೂರಿಸುವ ಮೊದಲು ಟೈರಿನ ಒಳಗೆ ಒಂದು ಸಣ್ಣ ಕೆಲಸ ಮಾಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ. ಆ ಹಿರಿಯರು ಎರಡು ಸಲ ಚಹಾ ಕುಡಿಸಿ ಕೇಳಿದರು, ಅವರಿಗೂ ಹೇಳಿಲ್ಲ. ಗಾಳಿ ಮಾತ್ರ ಅವರೂ 90ಕ್ಕೆ ಇಳಿಸಿದ್ದಾರೆ.

ಈಗ 32ರ ಟೈರ್ ಕಣ್ಣಿಗೆ ಬಿದ್ದಿದೆ. ಮಡ್‌ಗಾರ್ಡ್ ಬಿಚ್ಚಿದರೆ ಹಿಂದೆ ಹೇಗೋ ಹಿಡಿಯುತ್ತದೆ. ಆದರೆ ಆಷಾಢದಲ್ಲಿ ಮಡ್‌ಗಾರ್ಡ್ ಇಲ್ಲದೆ ಕುಮಟಾ ರಸ್ತೆಗೆ ಇಳಿದರೆ ಕುತ್ತಿಗೆವರೆಗೆ ಕೆಂಪು ಕೆಸರಿನ ಪಟ್ಟೆ. ಅಂಗಿ ತೊಳೆಯುವವನು ನಾನೇ ಆದ್ದರಿಂದ ಆ ಲೆಕ್ಕ ಇನ್ನೂ ಮುಗಿದಿಲ್ಲ.