ಬೆಂಗಳೂರಿಂದ ಮಂಗಳೂರಿಗೆ: ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು?

ಬೆಂಗಳೂರು, ಮಂಗಳೂರು ಎರಡೂ 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಗಾಗಿ ನೇರ ದೂರ ತಿಳಿಯಲು ರೇಖಾಂಶ ಕಳೆದರೆ ಸಾಕು. 77.59ರಲ್ಲಿ 74.84 ಹೋದರೆ 2.75. ಇಲ್ಲಿ ಒಂದು ಡಿಗ್ರಿಗೆ 108.5 ಕಿ.ಮೀ. ಬರುತ್ತದೆ, ಗುಣಿಸಿದರೆ 298. ಶಿರಾಡಿ ಮೇಲಿನ ರಸ್ತೆ ಸುಮಾರು 350 ಕಿ.ಮೀ. ಘಟ್ಟ ಇಳಿಯುವ ದಾರಿಗೆ ಇದು ಕಡಿಮೆ ಸುತ್ತೇ.

ಹೊತ್ತಿನ ಲೆಕ್ಕ ಬೇರೆ. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಐದು ನಿಮಿಷ ಅಂತಿದ್ದರೂ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ. ಉಳಿದದ್ದು ನೆಲದ ಮೇಲಿನ ಓಡಾಟ. ನಾನು ಜಯನಗರದಿಂದ ಹಾಕುವ ಲೆಕ್ಕ ಹೀಗಿದೆ: ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಒಂದೂವರೆ ಗಂಟೆ ಮುಂಚೆ ಇರಬೇಕು, ಹಾರಾಟ 65 ನಿಮಿಷ, ಬ್ಯಾಗ್ ಬರಲು 20, ಬಜ್ಪೆಯಿಂದ ಹಂಪನಕಟ್ಟೆಗೆ 35. ಒಟ್ಟು ಐದು ಗಂಟೆ. ಸಂಜೆ ಆಫೀಸು ಬಿಡುವ ಹೊತ್ತಾದರೆ ಹೆಬ್ಬಾಳ ದಾಟಲೆಂದೇ ಇನ್ನೂ ಅರ್ಧ ಗಂಟೆ ಸೇರಿಸಿ. ಬ್ಯಾಗ್ ಹಾಕುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಕೈಚೀಲ ಮಾತ್ರ ಇದ್ದರೆ 40 ನಿಮಿಷ ಉಳಿಯುತ್ತದೆ.

ಕಾರಿನಲ್ಲಿ ಬೆಳಿಗ್ಗೆ ಐದಕ್ಕೆ ಹೊರಟರೆ ನೆಲಮಂಗಲಕ್ಕೆ ಒಂದು ಗಂಟೆ. ಅಲ್ಲಿಂದ ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಎರಡೂವರೆ. ಹಾಸನದಿಂದ ಸಕಲೇಶಪುರ 40 ಕಿ.ಮೀ., ಮುಕ್ಕಾಲು ಗಂಟೆ. ಸಕಲೇಶಪುರದಿಂದ ಗುಂಡ್ಯಕ್ಕೆ ಒಂದು ಗಂಟೆ, ಗುಂಡ್ಯದಿಂದ ಮಂಗಳೂರಿಗೆ ಎರಡು. ತಿಂಡಿ, ಕಾಫಿ ಸೇರಿ ಎಂಟು ಗಂಟೆಗೆ ಹತ್ತಿರ. ಲೆಕ್ಕ ತಪ್ಪುವುದು ಹೆಚ್ಚಾಗಿ ಸಕಲೇಶಪುರದಿಂದ ಕೆಳಗೆ. ಏರಿನಲ್ಲಿ ಒಂದು ಲಾರಿಯೋ ಗ್ಯಾಸ್ ಟ್ಯಾಂಕರೋ ಕೆಟ್ಟು ನಿಂತರೆ ಹಿಂದೆ ಮೈಲುಗಟ್ಟಲೆ ಸಾಲು. ಆಗ ಆ್ಯಪ್ ತೋರಿಸುವ ನಿಮಿಷಗಳನ್ನು ನಂಬಿ ಕೂರುವುದು ದಡ್ಡತನ.

ಮಳೆಗಾಲದಲ್ಲಿ ದೋಣಿಗಾಲ್ ಬಳಿ ಮಣ್ಣು ಕುಸಿಯಿತೆಂದರೆ ಶಿರಾಡಿ ಬಂದ್. ಬದಲಿ ದಾರಿ ಎರಡಿವೆ, ಆದರೆ ತೀರ್ಮಾನ ಮಾಡುವ ಜಾಗ ಬೇರೆ ಬೇರೆ. ಚಾರ್ಮಾಡಿಗೆ ಹಾಸನದಲ್ಲಿ ಬೇಲೂರು, ಮೂಡಿಗೆರೆ ಕಡೆ ತಿರುಗಬಹುದು. ಸಂಪಾಜೆಗಾದರೆ ಮನೆ ಬಿಡುವಾಗಲೇ ಮೈಸೂರು ರಸ್ತೆ ಹಿಡಿಯಬೇಕು. ಸಕಲೇಶಪುರಕ್ಕೆ ಹೋಗಿ ಸುದ್ದಿ ಕೇಳಿದರೆ ಅರ್ಧ ದಿನ ಹೋಯಿತು. ವಿಮಾನಕ್ಕೂ ಮಳೆ ಬಿಡುವುದಿಲ್ಲ. ಬಜ್ಪೆಯದು ಗುಡ್ಡದ ತಲೆಯ ಮೇಲಿನ ರನ್‌ವೇ. ಮೋಡ ಕೆಳಗಿಳಿದರೆ ವಿಮಾನ ಮೇಲೆಯೇ ಸುತ್ತಿ, ಕೊನೆಗೆ ಬೆಂಗಳೂರಿಗೇ ವಾಪಸಾಗುವುದುಂಟು. ಜೂನ್‌ನಿಂದ ಆಗಸ್ಟ್‌ವರೆಗೆ ಅದೇ ದಿನದ ಮದುವೆಗೋ ಕೋರ್ಟ್ ಕೆಲಸಕ್ಕೋ ಬೆಳಗಿನ ವಿಮಾನ ನಂಬುವುದಕ್ಕಿಂತ ಹಿಂದಿನ ರಾತ್ರಿಯ ಬಸ್ ಹತ್ತುವುದೇ ನನ್ನ ರೂಢಿ. ಹತ್ತೂವರೆಗೆ ಹೊರಟರೆ ಏಳರೊಳಗೆ ಮಂಗಳೂರು.

ಇಷ್ಟೆಲ್ಲ ಮಂಗಳೂರು ಪೇಟೆಗೆ ಹೋಗುವವರಿಗೆ. ಪುತ್ತೂರಿಗೆ ಹೋಗುವವರ ಲೆಕ್ಕ ಬೇರೆಯೇ. ಕಾರು ಉಪ್ಪಿನಂಗಡಿಯಲ್ಲೇ ತಿರುಗುತ್ತದೆ, ಊಟ ತಿಂಡಿ ಸೇರಿ ಏಳು ಗಂಟೆ. ವಿಮಾನದವರು ಬಜ್ಪೆಯಲ್ಲಿಳಿದು ಮತ್ತೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಪೂರ್ವಕ್ಕೇ ವಾಪಸ್ ಬರಬೇಕು. ಉಳಿಯುವುದು ಗಂಟೆಯೊಳಗಿನ ಸಮಯ, ಅದಕ್ಕೆ ಟಿಕೆಟ್ ಜತೆ ಟ್ಯಾಕ್ಸಿ ಬಾಡಿಗೆ ಬೇರೆ.